ಅಜ್ಜನ ದಿಂಬು

ಡಿಸೆಂಬರ್ 19

ನಿನ್ನೆಯಿಂದ ಮೈನಸ್ ಮೂವತ್ತೆಂಟು. ಗಾಳಿಯಿಲ್ಲ. ಬೀದಿಯ ಚಿಮಣಿಗಳ ಹೊಗೆಯೆಲ್ಲ ಹಗ್ಗ ಕಟ್ಟಿ ಎಳೆದಂತೆ ನೆಟ್ಟಗೆ ಮೇಲಕ್ಕೆ ನಿಂತಿದೆ. ಹಾಲು ತಂದು ಬರುವಷ್ಟರಲ್ಲಿ ನನ್ನ ರೆಪ್ಪೆಗಳು ಒಂದಕ್ಕೊಂದು ಅಂಟಿಕೊಂಡವು.

ಅಜ್ಜಿ ಕಾಲು ಕೊರೆಯುತ್ತದೆ ಅನ್ನುತ್ತಾಳೆ. ಚಳಿ ಏಳುವುದು ನೆಲಮಾಳಿಗೆಯಿಂದ. ಹೊರಗಿನ ಗಾಳಿಯನ್ನು ಒಳಕ್ಕೆ ತರುವ ತಗಡಿನ ಕೊಳವೆಯೊಂದು ಗೋಡೆ ತೂರಿ ಬಂದು, ಮನೆ ಬೆಚ್ಚಗಿಡುವ ಫರ್ನೇಸಿನ ಪಕ್ಕ ಬಾಯಿ ತೆರೆದುಕೊಂಡಿದೆ. ಅದರಿಂದ ಹಿಮಗಾಳಿ ನೀರಿನಂತೆ ಸುರಿಯುತ್ತದೆ. ಈ ಬೀದಿಯಲ್ಲಿ ಡಿಸೆಂಬರ್ ಬಂತೆಂದರೆ ಎಲ್ಲರೂ ಅದರ ಬಾಯಿಗೆ ಏನಾದರೂ ತುರುಕುತ್ತಾರೆ. ಪಕ್ಕದ ಮನೆಯ ಇಲ್ಕೋ ಮಾಮನದು ಆಲೂಗಡ್ಡೆಯ ಗೋಣಿಚೀಲ. ದುಡ್ಡು ಕೊಟ್ಟು ಮನೆ ಬೆಚ್ಚಗಿಡುವವರು ನಾವು, ಊರಿನ ಚಳಿಯನ್ನೆಲ್ಲ ಒಳಗೆ ಕರೆದು ಕೂರಿಸಬೇಕೇ ಎಂದು ಅವರ ವಾದ.

ನಮ್ಮಲ್ಲಿ ಗೋಣಿಚೀಲ ಸಿಗಲಿಲ್ಲ. ಅಜ್ಜಿಯ ಮಂಚದ ಮೇಲೆ, ಗೋಡೆಯ ಕಡೆಗೆ, ಅಜ್ಜನ ದಿಂಬು ಇತ್ತು. ಹೆಬ್ಬಾತಿನ ತುಪ್ಪುಳದ್ದು, ಅಜ್ಜಿ ಮದುವೆಯಲ್ಲಿ ತವರಿಂದ ತಂದದ್ದು. ಅಜ್ಜ ತೀರಿಕೊಂಡು ಮೂರು ಚಳಿಗಾಲವಾಯಿತು. ಅದರ ಮೇಲೆ ತಲೆಯಿಡುವವರಿಲ್ಲ. ಅಜ್ಜಿ ಮಧ್ಯಾಹ್ನ ಮಲಗಿದ್ದಾಗ ಮೆಲ್ಲಗೆ ತೆಗೆದುಕೊಂಡು ಹೋಗಿ ಕೊಳವೆಗೆ ತುರುಕಿದೆ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಸಂಜೆಯ ಹೊತ್ತಿಗೆ ಅಡುಗೆಮನೆಯ ನೆಲ ಬೆಚ್ಚಗಾಗಿತ್ತು.

ಅಪ್ಪನ ಅಕ್ಕ ಸ್ಲಾವ್ಕಾ ಅತ್ತೆ ವಿನ್ನಿಪೆಗ್‌ನಿಂದ ಫೋನ್ ಮಾಡಿ ಷರತ್ತನ್ನು ಮತ್ತೆ ನೆನಪಿಸಿದಳು. ಈ ಚಳಿಗಾಲ ತೊಂದರೆಯಿಲ್ಲದೆ ಕಳೆದರೆ ಅಜ್ಜಿ ಈ ಮನೆಯಲ್ಲೇ ಇರಬಹುದು. ಒಂದೇ ಒಂದು ಎಡವಟ್ಟಾದರೂ ವಿನ್ನಿಪೆಗ್ ನಗರದ ವೃದ್ಧಾಶ್ರಮ. ಕೋಣೆಗೆ ಹೆಸರು ಬರೆಸಿಯಾಗಿದೆ. ಅಪ್ಪ ಆಲ್ಬರ್ಟಾದ ಎಣ್ಣೆಬಾವಿಗಳಲ್ಲಿದ್ದಾನೆ, ಅಕ್ಕ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಪದವಿ ಮುಗಿಸಿ ಕೆಲಸವಿಲ್ಲದೆ ಕೂತ ನಾನು ಅಜ್ಜಿಯ ಕಾವಲಿಗೆ ಸಿಕ್ಕಿದೆ. ಯಾರೂ ನನ್ನನ್ನು ಮಾತಾಡಿಸದ ಜಾಗ ಸಿಕ್ಕಿತಲ್ಲ ಎಂದು ಒಪ್ಪಿಕೊಂಡೆ, ನಿಜ. ಆದರೆ ಬಂದ ವಾರದಲ್ಲೇ ಅಜ್ಜಿ ನನ್ನ ಕೈ ಹಿಡಿದು, "ನನ್ನನ್ನ ಅಲ್ಲಿಗೆ ಕಳಿಸ್ಬೇಡ ಕಣೆ ಓರಿಸ್ಯಾ. ಅಲ್ಲಿ ಕಿಟಕಿ ತೆಗೆಯಕ್ಕೂ ಬಿಡಲ್ವಂತೆ" ಅಂದಳು. ಕಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಡಿಸೆಂಬರ್ 21

ಎದ್ದಾಗ ಮೂಗು ತಣ್ಣಗಿತ್ತು. ನೆಲದ ಜಾಲರಿಗಳಿಂದ ಬಿಸಿಗಾಳಿ ಬರುತ್ತಿರಲಿಲ್ಲ. ಕೆಳಗಿಳಿದು ನೋಡಿದರೆ ಫರ್ನೇಸು ಸತ್ತಂತೆ ನಿಂತಿದೆ. ಬೂದುಬಣ್ಣದ ಬೀರುವಿನಂಥ ಪೆಟ್ಟಿಗೆ. ಹೊಟ್ಟೆಯಲ್ಲಿ ಗ್ಯಾಸಿನ ನೀಲಿ ಉರಿಯ ಸಾಲು ಇರಬೇಕಾದಲ್ಲಿ ಕತ್ತಲೆ.

ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕಿತ್ತು. ಹೊಸಬರೊಡನೆ ಮಾತಾಡುವ ಮೊದಲು ನಾನು ವಾಕ್ಯಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಇವತ್ತೂ ಬರೆದುಕೊಂಡೆ, ಹೊಡೆದುಹಾಕಿದೆ. ನನ್ನ ಸಂಕೋಚವೊಂದೇ ಕಾರಣವಲ್ಲ. ಕಂಪನಿಯ ವ್ಯಾನು ನಮ್ಮ ಬಾಗಿಲಲ್ಲಿ ನಿಂತರೆ ಅದು ಹೊರಡುವ ಮೊದಲೇ ಸುದ್ದಿ ವಿನ್ನಿಪೆಗ್ ಮುಟ್ಟುತ್ತದೆ.

ಇಲ್ಕೋ ಮಾಮನನ್ನು ಕರೆದೆ. ಉಣ್ಣೆಯ ಬೂಟು ತೊಟ್ಟು, ಬಾಯಲ್ಲಿ ಒಣಗಿದ ಸೂರ್ಯಕಾಂತಿ ಬೀಜ ಜಗಿಯುತ್ತ ಬಂದರು. ಮೊದಲು ಫರ್ನೇಸಿನ ಮೇನ್ ಸ್ವಿಚ್ ಆರಿಸಿ ಹಾಕು ಅಂದರು. ಅದು ಇರುವುದು ನೆಲಮಾಳಿಗೆಯ ಮೆಟ್ಟಿಲ ತಲೆಯಲ್ಲಿ, ಸೂರಿಗೆ ಹತ್ತಿದಂತೆ. ತುದಿಗಾಲಲ್ಲಿ ನಿಂತರೂ ನನ್ನ ಬೆರಳು ಮುಟ್ಟಲಿಲ್ಲ, ಮಾಮನದೂ ಮುಟ್ಟಲಿಲ್ಲ. ಅಡುಗೆಮನೆಯ ಸ್ಟೂಲು ತಂದು ಹತ್ತಿದೆ. ಅಜ್ಜಿ ಕೂತಲ್ಲಿಂದಲೇ ನಕ್ಕಳು. ಅಪ್ಪ ಚಿಕ್ಕವನಿದ್ದಾಗ ಆ ಸ್ವಿಚ್ಚಿನೊಡನೆ ಆಡುತ್ತಿದ್ದನಂತೆ, ಅದಕ್ಕೆ ಅಜ್ಜ ಅದನ್ನು ಕಿತ್ತು ತನ್ನ ಎತ್ತರಕ್ಕೆ ಏರಿಸಿದನಂತೆ. ಅಜ್ಜ ಈ ಮನೆಯ ಬಾಗಿಲುಗಳಲ್ಲಿ ತಲೆ ಬಗ್ಗಿಸಿಯೇ ಓಡಾಡುತ್ತಿದ್ದದ್ದು.

ಸ್ವಿಚ್ಚಿನಿಂದ ಏನೂ ಆಗಲಿಲ್ಲ. ಕೊನೆಗೆ ಮಾಮ ಹೊಗೆಗೊಳವೆಯ ಬುಡದಲ್ಲಿ ಒಂದು ಪುಟ್ಟ ಕೆಂಪು ಗುಂಡಿ ಹುಡುಕಿ ಒತ್ತಿದರು. ಟಕ್ ಎಂದಿತು. ಸ್ವಲ್ಪ ತಡೆದು ನೀಲಿ ಉರಿ ಸಾಲಾಗಿ ಎದ್ದಿತು.

"ಹಳೇ ಡಬ್ಬ. ಆಗಾಗ ಮುನಿಸ್ಕೊಳ್ಳುತ್ತೆ, ನಮ್ಮವಳ ಹಾಗೆ," ಅಂದರು. "ಇದಕ್ಕಾದ್ರೆ ಒಂದು ಗುಂಡಿ ಇದೆ. ನಮ್ಮವಳ ಗುಂಡಿ ಎಲ್ಲಿದೆ ಅಂತ ಮದುವೆ ಆದಾಗಿಂದ ಹುಡುಕ್ತಾನೇ ಇದೀನಿ."

ಮಲಗುವಾಗ ಅಜ್ಜಿ ಮಂಚದ ಗೋಡೆಯ ಕಡೆ ಕೈಯಾಡಿಸಿ, "ಅವರ ದಿಂಬು ಎಲ್ಲೆ?" ಅಂತ ಕೇಳಿದಳು. ಒಗೆಯಲು ಹಾಕಿದ್ದೇನೆ ಅಂದೆ.

ಡಿಸೆಂಬರ್ 23

ಮತ್ತೆ ನಿಂತಿತು. ಗುಂಡಿ ಒತ್ತಿದೆ, ಹೊತ್ತಿತು. ಸಂಜೆ ಎಲೆಕೋಸಿನ ಸುರುಳಿಗಳನ್ನು ಬೇಯಿಸಲು ಇಟ್ಟು, ಒಲೆಯ ಮೇಲಿನ ಹಬೆ ಎಳೆಯುವ ಫ್ಯಾನು ಹಾಕಿದ ಸ್ವಲ್ಪ ಹೊತ್ತಿಗೇ ಇನ್ನೊಮ್ಮೆ ನಿಂತಿತು. ಗುಂಡಿ ಒತ್ತುವುದು ಸುಲಭವೇ. ಕೆಟ್ಟದ್ದನ್ನು ನಾನೇ ಸರಿಮಾಡಿದೆ ಎಂಬ ಸಣ್ಣ ಜಂಬವೂ ಇದೆ.

ಅಜ್ಜಿ ದಿಂಬು ಕೇಳಿದಳು. ಇನ್ನೂ ಒಣಗಿಲ್ಲ ಅಂದೆ.

ಡಿಸೆಂಬರ್ 25

ನಮ್ಮ ಕ್ರಿಸ್ಮಸ್ ಹಬ್ಬ ಇವತ್ತಲ್ಲ, ಹಿರಿಯರ ಹಳೆಯ ಕ್ಯಾಲೆಂಡರಿನಂತೆ ಜನವರಿಯ ಆರಕ್ಕೆ. ಆದರೂ ಬೀದಿಯ ಮಕ್ಕಳು ಇವತ್ತೇ ಹೊಸ ಜಾರುಬಂಡಿಗಳನ್ನು ಎಳೆದುಕೊಂಡು ಕಿರುಚಾಡುತ್ತಿದ್ದರು.

ಅತ್ತೆ ಫೋನ್ ಮಾಡಿದಳು. ಮನೆ ಬೆಚ್ಚಗಿದೆಯೇ, ನಲ್ಲಿಯ ಕೊಳವೆಗಳು ಹೆಪ್ಪುಗಟ್ಟಿಲ್ಲವೇ, ಅಜ್ಜಿ ಮಾತ್ರೆ ನುಂಗುತ್ತಾಳೆಯೇ ಎಂದು ಕೋರ್ಟಿನಲ್ಲಿ ಕೇಳಿದಂತೆ ಕೇಳಿದಳು. ಎಲ್ಲಕ್ಕೂ ಹೌದು ಅಂದೆ. ಜನವರಿ ಆರಕ್ಕೆ ಅವಳಿಗೆ ಕೆಲಸದಿಂದ ರಜೆ ಇಲ್ಲ, ನಾವಿಬ್ಬರೇ ಹಬ್ಬ ಮಾಡಿಕೊಳ್ಳಬೇಕಂತೆ.

"ಸತ್ತೋರಿಗೆ ತಟ್ಟೆ ಇಡೋದು, ಕುರ್ಚಿಗೆ ಉಫ್ ಅಂತ ಊದಿ ಕೂರೋದು, ಆ ನಾಟಕ ಎಲ್ಲ ಈ ವರ್ಷ ಬೇಡ ಅಂತ ಅಮ್ಮನಿಗೆ ಹೇಳು," ಅಂದಳು. "ಮೊದಲೇ ತಲೆ ಅರ್ಧ ಅಲ್ಲಿದೆ, ಅರ್ಧ ಇಲ್ಲಿದೆ. ನೀನು ಬೇರೆ ಕಾದಂಬರಿ ಓದೋಳು. ಇಬ್ರೂ ಸೇರ್ಕೊಂಡು ಆತ್ಮಗಳ ಜೊತೆ ಇಸ್ಪೀಟ್ ಆಡ್ತೀರ."

ಅಜ್ಜಿ ಆಚೆ ಕುರ್ಚಿಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಊದದೆ ಕೂತರೆ ಯಾರ ಮಡಿಲಲ್ಲಿ ಕೂರುತ್ತಾಳೆ ಅಂತ ಅವಳಿಗೇ ಗೊತ್ತಾಗುತ್ತೆ ಬಿಡು, ಎಂದು ಗೊಣಗಿದಳು. ಹಬ್ಬದ ರಾತ್ರಿ ಸತ್ತವರು ಬಂದು ಕುರ್ಚಿಗಳಲ್ಲಿ ಕೂತಿರುತ್ತಾರೆ, ಊದಿ ಅವರನ್ನು ಸರಿಸಿಯೇ ಕೂರಬೇಕು ಎಂದು ಅವಳ ನಂಬಿಕೆ.

ಫೋನಿಟ್ಟ ಮೇಲೆ ಕೆಳಗೆ ಹೋಗಿ ಗುಂಡಿ ಒತ್ತಿ ಬಂದೆ.

ಡಿಸೆಂಬರ್ 28

ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಅಂಟಿಸಿದೆ. ಸುತ್ತ ಟೇಪು ಹಾಕಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟರೆ ಹಾಳೆ ತಮಟೆಯಂತೆ ಬಿಗಿಯುತ್ತದೆ. ಮುಂಬಾಗಿಲ ಸಂದಿಗೆ ಹಳೆಯ ಕಂಬಳಿ ಸುತ್ತಿಟ್ಟೆ. ಮನೆ ಈಗ ಮುಚ್ಚಳ ಬಿಗಿದ ಸೌತೆಕಾಯಿ ಜಾಡಿಯಂತಿದೆ. ಒಂದು ಎಳೆ ಚಳಿ ಒಳಗೆ ಬಾರದು. ಆದರೂ ಫರ್ನೇಸು ನಿಲ್ಲುವುದು ಹೆಚ್ಚಾಗಿದೆ.

ಎಲ್ಲವನ್ನೂ ನೋಡಿದೆ. ಧೂಳಿನ ಜಾಲರಿ ಬದಲಿಸಿದೆ. ಗೋಡೆಯ ಶಾಖನಿಯಂತ್ರಕ ಬಿಚ್ಚಿ ಧೂಳು ಊದಿದೆ. ಹೊರಗೆ ಹೋಗಿ ಚಿಮಣಿಯ ತಲೆಯಲ್ಲಿ ಹಿಮ ಕೂತಿದೆಯೇ ಎಂದು ನೋಡಿ ಬಂದೆ. ಕೂತಿರಲಿಲ್ಲ.

ತಲೆನೋವು. ಅಜ್ಜಿಗೂ. ಹಣೆಗೆ ಬಟ್ಟೆ ಬಿಗಿದುಕೊಂಡು ಕೂತಿರುತ್ತಾಳೆ. ಕೆನ್ನೆ ಮಾತ್ರ ಎಳೆ ಹುಡುಗಿಯ ಹಾಗೆ ಕೆಂಪಗಿದೆ.

ಒಂದು ಸಂಗತಿ ಬರೆದಿಡಬೇಕು. ಫರ್ನೇಸು ನಿಲ್ಲುವ ಸ್ವಲ್ಪ ಮೊದಲು ನೆಲಮಾಳಿಗೆಯಲ್ಲಿ ಟಕ್, ಟಕ್ ಎಂದು ಸದ್ದಾಗುತ್ತದೆ, ಮೆಟ್ಟಿಲ ಮೇಲೆ ಯಾರೋ ಭಾರವಾಗಿ ಇಳಿದಂತೆ. ತಗಡಿನ ಕೊಳವೆಗಳು ಬಿಸಿಗೆ ಹಿಗ್ಗಿ ತಣಿದಾಗ ಕುಗ್ಗುತ್ತವೆ, ಅದರ ಸದ್ದು. ನನಗೆ ಗೊತ್ತು. ಆದರೆ ತಣಿಯುವುದು ಫರ್ನೇಸು ನಿಂತ ಮೇಲೆ. ಈ ಸದ್ದು ನಿಲ್ಲುವುದಕ್ಕೆ ಮೊದಲೇ ಬರುತ್ತದೆ.

ಅಜ್ಜಿ ಪ್ಲಾಸ್ಟಿಕ್ ಹಾಳೆಯನ್ನು ಬೆರಳಿನಿಂದ ತಟ್ಟಿ, "ಇಲ್ಲೂ ಕಿಟಕಿ ಮುಚ್ಬಿಟ್ಯಾ?" ಅಂದಳು.

ಡಿಸೆಂಬರ್ 31

ಹಬ್ಬಕ್ಕೆ ಗಸಗಸೆ, ಜೇನುತುಪ್ಪ, ಮೇಣದಬತ್ತಿ ತರಲು ಅಂಗಡಿಗೆ ಹೋದೆ. ಬಾಗಿಲು ದಾಟಿ ಮೂಲೆ ತಿರುಗುವಷ್ಟರಲ್ಲಿ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಹಾಗಾಯಿತು. ಹಿಮದ ಮೇಲಿನ ನೆರಳುಗಳು ಎಷ್ಟು ನೀಲಿ. ಅಂಗಡಿಯ ಮರಿಯಾ ಎಂಬವಳೊಡನೆ ನಾನಾಗಿಯೇ ಎರಡು ಮಾತಾಡಿದೆ. ದಿನವಿಡೀ ಮುದುಕಿಯ ಜೊತೆ ಕೂತು ನಾನೂ ಮುದುಕಿಯಾಗುತ್ತಿದ್ದೇನೆ ಅನ್ನಿಸಿತು. ದಿನಾ ಸ್ವಲ್ಪ ಹೊರಗೆ ತಿರುಗಾಡಬೇಕು.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಮಾತು ಕೇಳಿಸುತ್ತಿತ್ತು. ಅಜ್ಜಿ ಮೇಜಿನ ಮುಂದೆ ಕೂತಿದ್ದಳು. ಎದುರಿಗೆ, ನೆಲಮಾಳಿಗೆಯ ಬಾಗಿಲ ಪಕ್ಕದಲ್ಲಿ, ಅಜ್ಜನ ಕುರ್ಚಿ ಹೊರಕ್ಕೆ ಎಳೆದಿತ್ತು. ಆ ಕುರ್ಚಿ ಓಕ್ ಮರದ್ದು. ಅಜ್ಜಿಗೆ ಚಹದ ಕೆಟಲ್ ಎತ್ತುವುದೂ ಕಷ್ಟ.

"ಯಾರ ಜೊತೆ ಮಾತಾಡ್ತಿದ್ದೆ ಅಜ್ಜಿ?"

"ಇನ್ಯಾರ ಜೊತೆ? ನಿಮ್ಮಜ್ಜ ದಿಂಬು ಕೇಳ್ತಿದಾರೆ ಕಣೆ. ನಿದ್ದೆ ಇಲ್ಲ ಅಂತಾರೆ. ಬೆಂಕಿ ಆರಿಸ್ರೇ, ಬೆಂಕಿ ಆರಿಸ್ರೇ ಅಂತ ಒಂದೇ ವರಾತ."

ಅಜ್ಜನಿಗೆ ಮಲಗುವಾಗ ಫರ್ನೇಸು ತಗ್ಗಿಸುವ ಅಭ್ಯಾಸವಿತ್ತು. ನನಗೂ ನೆನಪಿದೆ. ಅಜ್ಜಿಯ ಮನಸ್ಸಿನಲ್ಲಿ ಹಳೆಯದು ಹೊಸದು ಕಲಸಿಹೋಗಿದೆ, ಅಷ್ಟೆ. ಕುರ್ಚಿಯನ್ನು ಒಳಕ್ಕೆ ತಳ್ಳಿದೆ. ಕೂರುವ ಮೆತ್ತೆ ಬೆಚ್ಚಗಿತ್ತು. ಕೆಳಗೇ ಬಿಸಿಗಾಳಿಯ ಜಾಲರಿ ಇದೆ.

ಕಾಲು ಗಂಟೆಯಲ್ಲಿ ತಲೆನೋವು ಮರಳಿತು.

ಜನವರಿ 2

ಓದಲಾಗುತ್ತಿಲ್ಲ. ನಿನ್ನೆಯಿಂದ ಒಂದೇ ಪುಟ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಮರೆತುಹೋಗಿರುತ್ತದೆ. ಮೇಲೆ ತಾರೀಖು ಬರೆಯುವಾಗ ಕ್ಯಾಲೆಂಡರ್ ನೋಡಿ ಬಂದೆ, ಮೇಜಿಗೆ ಬರುವಷ್ಟರಲ್ಲಿ ಮರೆತು ಮತ್ತೆ ಹೋಗಿ ನೋಡಿದೆ.

ಊಟ ಸೇರುವುದಿಲ್ಲ. ಅಜ್ಜಿ ಹೆಚ್ಚು ಹೊತ್ತು ಮಲಗಿಯೇ ಇರುತ್ತಾಳೆ. ಎಬ್ಬಿಸಿದರೆ ದಿಂಬು ಎನ್ನುತ್ತಾಳೆ.

ಗುಂಡಿ ಒತ್ತಲು ಹೋದಾಗ ಸದ್ದು ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂತು. ತಿರುಗಿ ನೋಡಲಿಲ್ಲ. "ಸಾಕು ಬಿಡಜ್ಜ, ಮನೆ ತಣ್ಣಗಾಗುತ್ತೆ" ಅಂದೆ. ಹಾಗೆ ಅಂದದ್ದು ನನಗೆ ವಿಚಿತ್ರವೆನಿಸಲಿಲ್ಲ. ಅವನು ನಿಂತ ಕಡೆಯಿಂದ ಕುರಿತುಪ್ಪಟದ ಕೋಟಿನ ವಾಸನೆ ಬರುತ್ತಿತ್ತು.

ಜನವರಿ 4

ಇವತ್ತು ಎಷ್ಟು ಸಲ ನಿಂತಿತೋ. ಅಜ್ಜ ಹಟ ಹಿಡಿದಿದ್ದಾನೆ. ನಾನು ಹೊತ್ತಿಸುತ್ತೇನೆ, ಅವನು ಆರಿಸುತ್ತಾನೆ. ವಾಂತಿಯಾಯಿತು. ಗೋಧಿ ನೆನೆಹಾಕಬೇಕು, ಹಾಕಿದೆನೋ ಇಲ್ಲವೋ.

ಜನವರಿ 5

ಬೆಳಿಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. ಕೊಳವೆ ಹೆಪ್ಪುಗಟ್ಟಿದೆ. ಬಿಸಿ ಬಟ್ಟೆ ಸುತ್ತಿ ಸುತ್ತಿ, ಕೊನೆಗೆ ತೊಟ್ಟಿಕ್ಕಿತು. ಒಡೆದಿದ್ದರೆ ಅತ್ತೆಯ ಕಾರು ಬಂದೇಬಿಡುತ್ತಿತ್ತು. ಅಜ್ಜಿ ಆ ಕೋಣೆಯ ಮುಚ್ಚಿದ ಕಿಟಕಿಯ ಮುಂದೆ ಕೂತಿರುವುದು ಕಣ್ಣಿಗೆ ಕಟ್ಟಿತು.

ಇಲ್ಕೋ ಮಾಮನಿಗೆ ಫೋನ್ ಮಾಡಿದೆ. ಅವರ ಹೆಂಡತಿಗೆ ಹುಷಾರಿಲ್ಲ, ಬರಲಾಗುವುದಿಲ್ಲ ಅಂದರು. ಕೆಂಪು ಗುಂಡಿಯ ಎರಡು ತಂತಿಗಳನ್ನು ಬಿಡಿಸಿ ಒಂದಕ್ಕೊಂದು ಹೊಸೆದುಬಿಟ್ಟರೆ ಆ ಗುಂಡಿಯ ಕಾಟವೇ ಇರುವುದಿಲ್ಲವಂತೆ.

"ಹಾಗಾದ್ರೆ ಆ ಗುಂಡಿ ಯಾಕೆ ಇಟ್ಟಿದ್ದಾರೆ ಮಾಮ?"

"ಕಂಪನಿಯವರ ಹೊಟ್ಟೆ ತುಂಬ್ಬೇಡ್ವೇನಮ್ಮ? ಗುಂಡಿ ಇಲ್ದಿದ್ರೆ ಅವರನ್ನ ಯಾರು ಕರೀತಾರೆ?"

ತಂತಿ ಹೊಸೆಯುವಾಗ ಬೆರಳುಗಳು ಬೇರೆ ಯಾರದೋ ಅನ್ನಿಸಿತು. ಮುಗಿಸಿ ಎದ್ದಾಗ ಮೆಟ್ಟಿಲ ಮೇಲೆ ಸದ್ದಿರಲಿಲ್ಲ. ಅಜ್ಜ ಸೋತ, ಅಂದುಕೊಂಡೆ. ಸ್ವಲ್ಪ ಪಾಪ ಅನ್ನಿಸಿತು.

ಜನವರಿ 6

ಬೆಳಗಿನಿಂದ ಒಮ್ಮೆಯೂ ನಿಂತಿಲ್ಲ. ಎಂಥ ಬೆಚ್ಚಗೆ. ಕೆಳಗೆ ಉರಿಯುವ ಸದ್ದು ಬೆಕ್ಕು ಗುರುಗುಟ್ಟಿದ ಹಾಗೆ ನೆಲದೊಳಗಿಂದ ಬರುತ್ತಿದೆ. ಒಲೆಯೂ ಉರಿಯುತ್ತಿದೆ, ಫ್ಯಾನೂ ತಿರುಗುತ್ತಿದೆ. ಗೋಧಿ ಬೆಂದು ಅರಳಿದೆ, ಗಸಗಸೆ ಜೇನು ಕಲಸಿದ್ದಾಯಿತು. ಬೀಟ್‌ರೂಟ್ ಸಾರು. ಮೀನು. ಅಣಬೆ. ಉಳಿದದ್ದು ಆಮೇಲೆ.

ಮಧ್ಯಾಹ್ನ ಅತ್ತೆ ಫೋನ್ ಮಾಡಿದ್ದಳು. ಎಲ್ಲ ಚೆನ್ನಾಗಿದೆ ಅಂದೆ.

ಹಬ್ಬದ ಪದ್ಧತಿಯಂತೆ ಮೇಜಿನ ಮೇಲೆ ಒಣಹುಲ್ಲು ಹರಡಿ ಬಿಳಿ ಬಟ್ಟೆ ಹಾಸಿದೆ. ಮೂರು ತಟ್ಟೆ. ಅಜ್ಜಿಯನ್ನು ಎಬ್ಬಿಸಿ ಕರೆತಂದು ಕೂರಿಸಿದೆ. ಕಾಲು ಬಾತಿದೆ, ಕೆಳಗೆ ಅಡುಗೆಮನೆಯ ಸ್ಟೂಲು ಕೊಟ್ಟೆ. ಕೂರುವ ಮೊದಲು ಅವಳು ಕುರ್ಚಿಗೆ ಊದಲು ಬಗ್ಗಿದ್ದಳು, ಉಸಿರು ಸಾಲಲಿಲ್ಲ. ಅವಳ ಪರವಾಗಿ ನಾನೇ ಊದಿದೆ. ಕಣ್ಣು ಕತ್ತಲಿಟ್ಟಿತು. ನಗು ಬಂತು. ಇಬ್ಬರೂ ನಕ್ಕೆವು.

ಮೊದಲ ನಕ್ಷತ್ರ ಕಂಡ ಮೇಲೆಯೇ ಊಟ, ನೋಡಬೇಕು. ಕಿಟಕಿಯ ಹಾಳೆಯ ಮೇಲೆಲ್ಲ ನೀರು ಇಳಿಯುತ್ತಿದೆ, ಏನೂ ಕಾಣುವುದಿಲ್ಲ.

ಅಜ್ಜನ ಕುರ್ಚಿಯ ಮೆತ್ತೆ ತಗ್ಗಿದೆ. ಯಾರೋ ಕೂತ ಹಾಗೆ ತಗ್ಗಿದೆ. ತಟ್ಟೆ ಮುಟ್ಟಿಲ್ಲ.

ಅಜ್ಜಿಯ ತಲೆ ಮೇಜಿನ ಮೇಲೆ. ಎಬ್ಬಿಸಿದೆ. ಬರೆದುಕೋ ಅಂದೆ ನನಗೆ ನಾನೇ, ಇದನ್ನು ಬರೆದುಕೋ. "ಕೊಡೇ ಅವರಿಗೆ," ಅಂದಳು. "ತಲೆಗೆ ಏನೂ ಇಲ್ಲ ಅವರಿಗೆ. ಎಷ್ಟು ದಿನ ನಿಂತೇ ಇರ್ತಾರೆ?"

ಒಗೆದಿಲ್ಲ ಅಜ್ಜಿ ಅಂದೆ. ಸುಳ್ಳು ಹೇಳಿದೆ, ಕೆಳಗಿದೆ ಅಂದೆ. ಅವಳಿಗೆ ಗೊತ್ತಂತೆ. ಅವರು ಹೇಳಿದಾರೆ ಅಂದಳು.

ಹೋಗಿ ತರುತ್ತೇನೆ. ಮೆಟ್ಟಿಲು ತುಂಬ ಉದ್ದ ಇದೆ. ತರುತ್ತೇನೆ

ಜನವರಿ 9

ಡಾಫಿನ್ ಪಟ್ಟಣದ ಆಸ್ಪತ್ರೆ. ಪುಸ್ತಕವನ್ನು ಅತ್ತೆ ಮನೆಯಿಂದ ತಂದುಕೊಟ್ಟಳು, ಓದಿಲ್ಲ ಎಂದು ಆಣೆ ಮಾಡಿದಳು. ಮೂಗಿಗೆ ಹಾಕಿದ್ದ ಆಮ್ಲಜನಕದ ಮುಖವಾಡ ನಿನ್ನೆ ತೆಗೆದರು. ಅಜ್ಜಿ ಪಕ್ಕದ ಹಾಸಿಗೆಯಲ್ಲಿದ್ದಾಳೆ. ಬೆಳಿಗ್ಗೆ ನರ್ಸಿಗೆ ಇಲ್ಲಿಯ ಸಾರಿನಲ್ಲಿ ಬೀಟ್‌ರೂಟು ಬರೀ ಸ್ನಾನ ಮಾಡಿ ಎದ್ದು ಹೋಗಿದೆ ಎಂದು ಹೇಳಿದಳಂತೆ. ಬದುಕಿದಳು.

ಆದದ್ದನ್ನು ಗೊತ್ತಿರುವಷ್ಟು ಬರೆಯುತ್ತೇನೆ.

ಆ ಮಧ್ಯಾಹ್ನ ಫೋನಿನಲ್ಲಿ ನಾನು ಎಲ್ಲ ಚೆನ್ನಾಗಿದೆ ಅನ್ನಲಿಲ್ಲವಂತೆ. "ಅಜ್ಜ ಬಂದಿದ್ದಾರೆ, ಈಗ ಮಾತಾಡಕ್ಕಾಗಲ್ಲ" ಅಂದು ಇಟ್ಟುಬಿಟ್ಟೆನಂತೆ. ಅತ್ತೆ ಕೋಟು ಹಾಕಿಕೊಂಡು, ಯಾರಿಗೂ ಹೇಳದೆ, ನೇರ ಕಾರು ಹತ್ತಿದಳು. ಕತ್ತಲಾದ ಮೇಲೆ ಮನೆ ತಲುಪಿದಾಗ ಮನೆ ತಣ್ಣಗಿತ್ತು. ನಾವಿಬ್ಬರೂ ಮೇಜಿನ ಮೇಲೆ ತಲೆಯಿಟ್ಟು ಬಿದ್ದಿದ್ದೆವು. ಮೂರನೆಯ ಕುರ್ಚಿಯ ಮೇಲೆ ಅಜ್ಜನ ದಿಂಬು ಇತ್ತು.

ಅಗ್ನಿಶಾಮಕದವರು ಬಂದು ಎಲ್ಲವನ್ನೂ ನೋಡಿದರಂತೆ. ಉರಿಯುವುದಕ್ಕೆ ಫರ್ನೇಸಿಗೆ ಗಾಳಿ ಬೇಕು. ಆ ಗಾಳಿ ಬರುವ ಕೊಳವೆಗೆ ನಾನು ದಿಂಬು ತುರುಕಿದ್ದೆ. ಕಿಟಕಿ ಬಾಗಿಲುಗಳನ್ನೂ ಬಿಗಿದಿದ್ದೆ. ಗಾಳಿ ಸಾಲದೆ ಹೊಗೆ ಚಿಮಣಿ ಹತ್ತುತ್ತಿರಲಿಲ್ಲ, ಹಬೆ ಎಳೆಯುವ ಫ್ಯಾನು ಹಾಕಿದಾಗಲಂತೂ ಮನೆಯೊಳಕ್ಕೇ ಸುರಿಯುತ್ತಿತ್ತು. ಬಣ್ಣವಿಲ್ಲ, ವಾಸನೆಯಿಲ್ಲ. ಆ ವಿಷಗಾಳಿಯೇ ನಮ್ಮ ತಲೆನೋವು, ನಮ್ಮ ನಿದ್ದೆ. ಹೊಗೆ ಹೊರಚೆಲ್ಲಿದ ಕೂಡಲೇ ಉರಿಯನ್ನು ಆರಿಸಲೆಂದೇ ಇದ್ದದ್ದು ಆ ಕೆಂಪು ಗುಂಡಿ.

"ಫರ್ನೇಸು ಕೆಟ್ಟಿರಲೇ ಇಲ್ಲ," ಅಂದಳು ಅತ್ತೆ. "ನಿಮ್ಮನ್ನ ಉಳಿಸ್ಬೇಕು ಅಂತ ಅದು ನಿಂತಾಗೆಲ್ಲ ನೀನು ಹೋಗಿ ಒದ್ದು ಎಬ್ಬಿಸಿದೀಯ. ಆಮೇಲೆ ಅದರ ಬಾಯಿಗೇ ಬಟ್ಟೆ ಕಟ್ಟಿದೀಯ. ನಾಲ್ಕು ವರ್ಷ ಕತೆ ಓದಿದ್ಯಲ್ಲ, ಒಂದ್ರಲ್ಲಾದ್ರೂ ಗಾಳಿ ಬೇಕು ಅಂತ ಬರೆದಿರಲಿಲ್ವೇನೆ?" ಹೇಳುತ್ತ ಹೇಳುತ್ತ ನನ್ನ ಹೊದಿಕೆಯನ್ನು ಸರಿಮಾಡಿದಳು. ಸರಿಯಾಗಿಯೇ ಇತ್ತು.

ಅವಳ ಮಾತು ಮುಗಿಯುವ ಮೊದಲೇ ನಾನು ಎದ್ದು ಕಾರಿಡಾರಿನ ಫೋನಿಗೆ ಹೋಗಿದ್ದೆ. ಇಲ್ಕೋ ಮಾಮ ಎತ್ತಿದರು. ಗೋಣಿಚೀಲ ಈಗಲೇ ಕಿತ್ತು ಬಿಸಾಕಿ, ಮಾಮಿಯನ್ನು ಹೊರಗೆ ಕರೆದುಕೊಂಡು ಹೋಗಿ ಅಂದೆ. ಅವರು ಏನೋ ತಮಾಷೆ ಶುರುಮಾಡಿದರು. ಈಗಲೇ, ಅಂದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಅವರು ರಿಸೀವರನ್ನು ಹಾಗೇ ಬಿಟ್ಟು ಓಡಿದ ಸದ್ದು ಕೇಳಿಸಿತು. ಬಾಗಿಲು ತೆರೆದದ್ದೂ, ಮಾಮಿ ಚಳಿಗೆ ಬೈದದ್ದೂ ಕೇಳಿಸಿತು. ಆಮೇಲೆ ಇಟ್ಟೆ.

ಹಾಸಿಗೆಗೆ ಮರಳಿದ ಮೇಲೆ ಅತ್ತೆ ಉಳಿದದ್ದನ್ನು ಹೇಳಿದಳು, ಈ ಸಲ ದನಿ ತಗ್ಗಿಸಿ. ತಂತಿ ಹೊಸೆದ ಮೇಲೆ ಅದು ತಾನಾಗಿ ನಿಲ್ಲುವ ಹಾಗೇ ಇರಲಿಲ್ಲವಂತೆ. ನಾವು ಸತ್ತ ಮೇಲೂ ಉರಿಯುತ್ತಿತ್ತು ಎಂದರಂತೆ ಅಗ್ನಿಶಾಮಕದವರು. ಅದು ನಿಂತದ್ದು ಮೇನ್ ಸ್ವಿಚ್ ಆರಿಸಿದ್ದರಿಂದ.

"ಒಳ್ಳೇ ಕೆಲಸ ಮಾಡ್ದೆ. ಅಷ್ಟಾದ್ರೂ ಬುದ್ಧಿ ಇತ್ತಲ್ಲ," ಅಂದಳು.

ನನಗೆ ನೆನಪಿರುವುದು ಇಷ್ಟು. ಮೆಟ್ಟಿಲನ್ನು ಕೂತು ಕೂತು ಇಳಿದೆ. ದಿಂಬು ಹಿಡಿದು ಎಳೆದೆ, ಬರಲಿಲ್ಲ, ಮತ್ತೆ ಎಳೆದೆ. ಬಂದಾಗ ಮೊಣಕೈವರೆಗೆ ಚಳಿ ಹರಿಯಿತು. ಅಲ್ಲೇ ಮುಖವಿಟ್ಟು ಎಷ್ಟೋ ಹೊತ್ತು ಮಲಗಿದ್ದೆ. ಇಳಿಯುವಾಗ ಫರ್ನೇಸು ಉರಿಯುತ್ತಿತ್ತು. ದಿಂಬು ಅಪ್ಪಿಕೊಂಡು ಮೇಲೆ ಬರುವಾಗ ಉರಿಯ ಸದ್ದೇ ಇರಲಿಲ್ಲ.

"ನೀನು ಬಂದಾಗ ಸ್ಟೂಲು ಎಲ್ಲಿತ್ತು ಅತ್ತೆ?" ಎಂದು ಕೇಳಿದೆ.

"ಸ್ಟೂಲಾ? ಅಮ್ಮನ ಕಾಲ ಕೆಳಗೆ. ಯಾಕೆ?"

ಏನಿಲ್ಲ ಅಂದೆ. ಅವಳು ಕಿಟಕಿಯ ಕಡೆ ತಿರುಗಿದಳು.

ಜನವರಿ 13

ಮನೆ. ಕಿಟಕಿಯ ಹಾಳೆಗಳನ್ನು ಹರಿದುಹಾಕಿದೆ. ಕೊಳವೆ ಬಾಯಿ ತೆರೆದುಕೊಂಡಿದೆ, ಚಳಿ ಸುರಿಯುತ್ತಿದೆ, ಸುರಿಯಲಿ. ಹೊಸ ಗುಂಡಿ ಹಾಕಿದ್ದಾರೆ. ವಿಷಗಾಳಿ ಬಂದರೆ ಕಿರುಚುವ ಎಚ್ಚರಿಕೆಯ ಪೆಟ್ಟಿಗೆಯನ್ನು ಅತ್ತೆ ಗೋಡೆಗೆ ಸಿಕ್ಕಿಸಿದ್ದಾಳೆ. ಎರಡನೆಯದನ್ನು ಇಲ್ಕೋ ಮಾಮನ ಮನೆಗೆ ನಾನೇ ಹೋಗಿ ಕೊಟ್ಟು ಬಂದೆ. ಮಾಮಿ ಅಂಗಳದಲ್ಲಿ ಹಿಮ ಗೋರುತ್ತಿದ್ದರು. ಡಿಸೆಂಬರಿನಿಂದ ಬಿಡದ ತಲೆನೋವು ಹೋಯಿತಂತೆ. ಮಾಮ ತಮಾಷೆ ಮಾಡಲಿಲ್ಲ. ಬಾಗಿಲವರೆಗೆ ಬಂದು ಕೈ ಕುಲುಕಿದರು.

ಮಧ್ಯಾಹ್ನ ಅಜ್ಜಿ ಮಲಗಿದ್ದಾಗ, ಅತ್ತೆ ನೆಲಮಾಳಿಗೆಯ ಬಾಗಿಲಲ್ಲಿ ನಿಂತು ಕೈ ಚಾಚುತ್ತಿದ್ದದ್ದನ್ನು ನೋಡಿದೆ. ತುದಿಗಾಲಲ್ಲಿ ನಿಂತಳು. ಹೋಗಿ ಹಿಮ್ಮಡಿ ಎತ್ತರದ ಬೂಟು ಹಾಕಿಕೊಂಡು ಬಂದು ಮತ್ತೆ ಚಾಚಿದಳು. ಸ್ವಿಚ್ಚಿಗೂ ಬೆರಳಿಗೂ ನಡುವೆ ಇನ್ನೂ ಒಂದು ಅಂಗೈಯಷ್ಟು ಉಳಿಯಿತು. ಬೂಟು ಬಿಚ್ಚಿಟ್ಟು, ನನ್ನನ್ನು ಕಂಡು, ಪಾತ್ರೆ ತೊಳೆಯಲು ಹೋದಳು. ವಿನ್ನಿಪೆಗ್‌ಗೆ ಫೋನ್ ಮಾಡಿ ವೃದ್ಧಾಶ್ರಮದ ಕೋಣೆ ಬೇಡವೆಂದು ಹೇಳಿದ್ದು ಆಮೇಲೆ. ಈಸ್ಟರ್‌ವರೆಗೆ ತಾನೂ ಇಲ್ಲೇ ಇರುತ್ತಾಳಂತೆ.

ದಿಂಬನ್ನು ಹಿತ್ತಲಿನ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು, ಬಿಳಿ ಗವಸು ತೊಡಿಸಿ, ಮಂಚದ ಮೇಲೆ ಗೋಡೆಯ ಕಡೆಗೆ ಇಟ್ಟೆ. ಅಜ್ಜಿ ಅದರ ಮೇಲೆ ಒಮ್ಮೆ ಕೈಯಾಡಿಸಿ ಹೊರಗೆ ಬಂದಳು.

ಸಂಜೆ ಮೂವರೂ ಊಟಕ್ಕೆ ಬಂದೆವು. ಉಳಿದದ್ದು ಅಜ್ಜನ ಕುರ್ಚಿ ಮಾತ್ರ. ಅತ್ತೆ ಅದನ್ನು ಎಳೆದಳು. ಎಳೆದು, ಹಾಗೇ ನಿಂತಳು. ನಾನು ಸಾರಿನ ಬಟ್ಟಲನ್ನೇ ನೋಡುತ್ತ ಕೂತೆ. ಅವಳು ಬಗ್ಗಿ, ಕೂದಲನ್ನು ಕಿವಿಯ ಹಿಂದೆ ಸರಿಸಿ, ಮೆತ್ತೆಗೆ ಉಫ್ ಎಂದು ಊದಿದಳು.

"ಮೆಲ್ಲಗೆ ಊದೇ," ಅಂದಳು ಅಜ್ಜಿ, ಮಲಗುವ ಕೋಣೆಯ ಕಡೆ ನೋಡಿ. "ಈಗ ತಾನೇ ಮಲಗಿದಾರೆ."